ಚಪ್ಪಲಿಗೆ ಹಿಂದೆ ಬೆಲ್ಟ್ ಇಲ್ಲ

ನಮ್ಮ ಭಾವನಿಗೆ ಅರವತ್ತು ತುಂಬಿತು. ಶಾಂತಿ ಮನೆಯಲ್ಲಿ, ಊಟ ಅವರ ಕ್ಲಬ್ಬಿನಲ್ಲಿ. ಯಾವ ಕ್ಲಬ್ ಅಂತ ಕೇಳಬೇಡಿ. ಮೆಂಬರ್‌ಶಿಪ್‌ಗೆ ಅರ್ಜಿ ಹಾಕಿ ಅವರು ಕಾದಷ್ಟು ವರ್ಷಗಳಲ್ಲಿ ನನ್ನ ಮಗ ಹುಟ್ಟಿ, ಓದಿ, ಕೆಲಸಕ್ಕೂ ಸೇರಿದ. ಆ ತಪಸ್ಸು ನನ್ನ ಬಾಯಿಂದ ಕೆಡಬಾರದು.

ರೇಷ್ಮೆ ಪಂಚೆ, ಜುಬ್ಬಾ, ಹೊಸ ಚಪ್ಪಲಿ ಹಾಕಿಕೊಂಡು ಹೋದೆ. ಬಾಗಿಲಲ್ಲಿದ್ದ ಸೆಕ್ಯುರಿಟಿಯವರ ಕಣ್ಣು ತಲೆಯಿಂದ ಶುರುವಾಗಿ ನಿಧಾನಕ್ಕೆ ಇಳಿದು ಕಾಲ ಹತ್ತಿರ ನಿಂತಿತು.

“ಪಂಚೆ ಪರವಾಗಿಲ್ಲ ಸಾರ್, ಈಗ ಬಿಡ್ತಾರೆ. ಜುಬ್ಬಾನೂ ನಡೆಯುತ್ತೆ. ಚಪ್ಪಲಿಗೆ ಹಿಂದೆ ಬೆಲ್ಟ್ ಇಲ್ವಲ್ಲ.”

ಹಿಮ್ಮಡಿ ಹಿಡಿದುಕೊಳ್ಳುವ ಆ ಅರ್ಧ ಇಂಚಿನ ಪಟ್ಟಿಯಲ್ಲಿ ಸಭ್ಯತೆ ಇರುತ್ತದೆ ಅಂತ ಐವತ್ತೇಳು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಅವರೇ ಮೇಜಿನ ಕೆಳಗೆ ಕೈ ಹಾಕಿ ಒಂದು ಜೊತೆ ಕಪ್ಪು ಶೂ ತೆಗೆದರು. ಇಂಥ ಗತಿ ಬಂದವರಿಗೆ ಅಂತಲೇ ಇಟ್ಟಿದ್ದು. ಸೈಜು ಹತ್ತು. ನನ್ನ ಕಾಲು ಏಳು. ರೇಷ್ಮೆ ಪಂಚೆಯ ಕೆಳಗೆ ದೋಣಿಯಂಥ ಶೂ ಹಾಕಿಕೊಂಡು, ಕಾಲು ಎತ್ತದೆ ಎಳೆಯುತ್ತಾ, ಕಂಪನಿ ನಾಟಕದ ಹಾಸ್ಯಪಾತ್ರದ ಹಾಗೆ ಒಳಗೆ ಹೋದೆ. ಆಗ ನಾನು ಸಭ್ಯನಾಗಿದ್ದೆ.

ಒಳಗೆ ಮಾತ್ರ ಏನು ಕಟ್ಟಡ ಅಂತೀರಿ! ಇದು ವ್ಯಂಗ್ಯ ಅಲ್ಲ. ದಂಡು ಪ್ರದೇಶದ ಹಳೇ ಬಂಗಲೆಗಳನ್ನು ಕಟ್ಟಿದವರಿಗೆ ಬೆಂಗಳೂರಿನ ಬಿಸಿಲು, ಮಳೆ ಎರಡೂ ಅರ್ಥವಾಗಿದ್ದವು. ಸುತ್ತ ಅಗಲವಾದ ವರಾಂಡ. ದಪ್ಪ ಗೋಡೆ. ಎರಡಾಳೆತ್ತರದಲ್ಲಿ ಸಣ್ಣ ಗವಾಕ್ಷಿ, ಬಿಸಿಗಾಳಿ ತಾನಾಗಿ ಮೇಲಿಂದ ಹೊರಗೆ ಹೋಗಲಿ ಅಂತ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ಅದು. ಕಿಟಕಿಯ ಮೇಲೆ, ಮುಖಮಂಟಪದ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಅದಕ್ಕೆ ಮಂಕಿ ಟಾಪ್ ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ, ಎಲ್ಲದರಲ್ಲೂ ಕೋತಿ ಬರುತ್ತದೆ. ಆ ಪಟ್ಟಿಗಳ ಸಂದಿನಿಂದ ಬೆಳಕು ನೆಲದ ಮೇಲೆ ಗೆರೆ ಗೆರೆಯಾಗಿ ಬೀಳುವುದನ್ನು ನೋಡಿಕೊಂಡು ಸುಮ್ನೆ ಒಂದು ಗಂಟೆ ಕೂರಬಹುದು. ನಾನು ಕೂತೆ. ಏಳುವುದಕ್ಕೆ ಆ ಶೂ ಬಿಡುತ್ತಿರಲಿಲ್ಲ.

ಕೂತಾಗ ಹೊಳೆದಿದ್ದು ಇದು. ಕಟ್ಟಡ ಈ ಊರಿನ ಹವೆಗೆ ತಗ್ಗಿತು, ಬಗ್ಗಿತು, ಹೆಂಚು ಹೊದ್ದುಕೊಂಡಿತು. ಒಳಗೆ ಕೂತವರು ಮಾತ್ರ ಏಪ್ರಿಲ್‌ನಲ್ಲೂ ಕೋಟು ಬಿಚ್ಚಲಿಲ್ಲ. ಗೋಡೆಗೆ ಬಂದ ಬುದ್ಧಿ ರೂಲ್ಸ್ ಬುಕ್ಕಿಗೆ ಬರಲಿಲ್ಲ ನೋಡಿ.

ಈ ಪರಂಪರೆಯ ವಿಷಯ ಬಂದಾಗ ಬೆಂಗಳೂರು ಕ್ಲಬ್ಬಿನ ಹದಿಮೂರು ರೂಪಾಯಿ ನೆನೆಯದೆ ಇರುವುದು ಹೇಗೆ? ಕತೆ ನಿಮಗೆ ಗೊತ್ತೇ ಇದೆ. 1868ರಲ್ಲಿ ಬ್ರಿಟಿಷ್ ಅಧಿಕಾರಿಗಳು ಸೇರಿ ಮಾಡಿಕೊಂಡ ಕ್ಲಬ್. ಅಲ್ಲಿಗೆ ಹೋಗಿಬರುತ್ತಿದ್ದ ವಿನ್‌ಸ್ಟನ್ ಚರ್ಚಿಲ್ ಎಂಬ ಹುಡುಗ ಲೆಫ್ಟಿನೆಂಟ್ ಬಾಕಿ ಉಳಿಸಿ ಹೋದ. 1899ರ ಬಾಕಿದಾರರ ಪಟ್ಟಿಯಲ್ಲಿ ಹದಿನೇಳು ಜನ, ಅದರಲ್ಲಿ ಈತನ ಹೆಸರಿನ ಮುಂದೆ ಹದಿಮೂರು ರೂಪಾಯಿ. ಆ ಲೆಡ್ಜರನ್ನು ಈಗಲೂ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲೂ ಅಂಥ ಪುಸ್ತಕ ಇದೆ. ಅದರಲ್ಲಿ ನನ್ನ ಹೆಸರೂ ಇದೆ. ಅದನ್ನು ನೋಡಲು ಯಾರೂ ವಿಲಾಯಿತಿಯಿಂದ ಬಂದಿಲ್ಲ. ಶೆಟ್ಟರು ಮಾತ್ರ ವಾರಕ್ಕೊಮ್ಮೆ ತೋರಿಸುತ್ತಾರೆ.

ಈ ಸಾಲ ಸುಪ್ರೀಂ ಕೋರ್ಟಿಗೂ ಹೋಯಿತು. ವಸೂಲಿಗಲ್ಲ, ಅಲಂಕಾರಕ್ಕೆ. ಕ್ಲಬ್ ಸಂಪತ್ತು ತೆರಿಗೆ ಕಟ್ಟಬೇಕೋ ಬೇಡವೋ ಅಂತ ಕೇಸು. 2020ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು: ಬೇಡ. ತೀರ್ಪಿನ ಆರಂಭದಲ್ಲೇ ಚರ್ಚಿಲ್ಲನ ಹದಿಮೂರು ರೂಪಾಯಿ ಹಾಜರು. ಇನ್ನೂ ತಮಾಷೆ ಎಂದರೆ, ಸಂಪತ್ತು ತೆರಿಗೆಯನ್ನು ಸರ್ಕಾರ 2015ರ ಬಜೆಟ್ಟಿನಲ್ಲೇ ತೆಗೆದುಹಾಕಿತ್ತು. ತೆರಿಗೆ ಸತ್ತು ಐದು ವರ್ಷಕ್ಕೆ, ಅದನ್ನು ಕಟ್ಟುವುದು ಬೇಡ ಅಂತ ಗೊತ್ತಾಯಿತು.

2013ರಲ್ಲಿ ಇದೇ ಕ್ಲಬ್ಬಿನ ಇನ್ನೊಂದು ಕೇಸು ಬೇರೆ ಥರ ಮುಗಿದಿತ್ತು. ಸದಸ್ಯರು ತಮ್ಮತಮ್ಮಲ್ಲೇ ದುಡ್ಡು ಹಾಕಿಕೊಂಡು ಖರ್ಚು ಮಾಡಿದರೆ ಅದು ಆದಾಯ ಅಲ್ಲ, ಎಡಜೇಬಿನಿಂದ ಬಲಜೇಬಿಗೆ ಹೋದ ಹಾಗೆ. ಇದು ಕಾನೂನಿನ ಹಳೇ ತತ್ವ, ಸರಿಯಾದ್ದೇ. ಕ್ಲಬ್ ತನ್ನ ದುಡ್ಡನ್ನು ಬ್ಯಾಂಕುಗಳಲ್ಲಿ ಠೇವಣಿ ಇಟ್ಟು ಬಡ್ಡಿ ತೆಗೆದುಕೊಂಡಿತು. ಆ ಬ್ಯಾಂಕುಗಳೂ ನಮ್ಮ ಸದಸ್ಯರೇ, ಅದೂ ಅಣ್ಣತಮ್ಮಂದಿರ ವ್ಯವಹಾರವೇ ಅಂತ ವಾದ. ಕೋರ್ಟ್ ಒಪ್ಪಲಿಲ್ಲ, ಬಡ್ಡಿಗೆ ತೆರಿಗೆ ಕಟ್ಟಿ ಅಂತು. ನನ್ನನ್ನು ಯಾವ ಬ್ಯಾಂಕೂ ಇದುವರೆಗೆ ಅಣ್ಣಾ ಅಂದಿಲ್ಲ, ಇಎಂಐ ತಪ್ಪಿದಾಗ ಬಿಟ್ಟರೆ.

ಎಲ್ಲಿದ್ದೆ? ಹಾಂ, ಪಂಚೆ.

ಇದೇ ಚರ್ಚಿಲ್ 1931ರಲ್ಲಿ, ಗಾಂಧೀಜಿ ವೈಸರಾಯ್ ಅರಮನೆಯ ಮೆಟ್ಟಿಲು ಹತ್ತಿದ್ದಕ್ಕೆ ಉರಿದುಬಿದ್ದ. ಅರೆಬೆತ್ತಲೆ ಫಕೀರ ಅಂದ. ಸಾಮ್ರಾಜ್ಯ ಹೋಗುತ್ತಿರುವುದಕ್ಕಿಂತ, ಅದನ್ನು ತೆಗೆದುಕೊಳ್ಳಲು ಬಂದವನು ಪ್ಯಾಂಟು ಹಾಕಿಲ್ಲ ಅನ್ನುವುದು ಹೆಚ್ಚು ನೋವು ಕೊಟ್ಟಿರಬೇಕು. ಬಾಗಿಲಲ್ಲಿ ನಿಂತು ಕಾಲು ನೋಡುವ ಬುದ್ಧಿ ಅದು. ಹದಿಮೂರು ರೂಪಾಯಿಯನ್ನು ಬರೆದಿಟ್ಟುಕೊಂಡಿದ್ದೇವೆ. ಈ ಬುದ್ಧಿಯನ್ನು ಬರೆದಿಡುವ ಅಗತ್ಯ ಬೀಳಲಿಲ್ಲ, ಬಾಯಿಪಾಠ ಆಗಿದೆ.

2014ರಲ್ಲಿ ಚೆನ್ನೈನ ಕ್ಲಬ್ಬೊಂದರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಪಂಚೆ ಉಟ್ಟಿದ್ದಾರೆ ಅಂತ ತಡೆದರು. ಪಂಚೆ ಉಟ್ಟವರನ್ನು ತಡೆಯಬಾರದು ಅಂತ ತಮಿಳುನಾಡು ಅದೇ ವರ್ಷ ಕಾನೂನು ಮಾಡಿತು. ನಮ್ಮಲ್ಲಿ 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಏನಾಯಿತು ಅಂತ ಮತ್ತೆ ಹೇಳಬೇಕೇ? ಮಗ ಅಪ್ಪನಿಗೆ ಸಿನಿಮಾ ತೋರಿಸಲು ಕರೆತಂದಿದ್ದ. ಕೈಯಲ್ಲಿ ಟಿಕೆಟ್ ಇತ್ತು, ಸೊಂಟದಲ್ಲಿ ಪಂಚೆ ಇತ್ತು. ಬಿಡಲಿಲ್ಲ. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಅಂತ ಸದನದಲ್ಲಿ ಹೇಳಿದರು. ಅದೇ ವರ್ಷ ಫೆಬ್ರವರಿಯಲ್ಲಿ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆ ಅಂತ ಒಬ್ಬ ರೈತರನ್ನು ನಿಲ್ಲಿಸಿದ್ದರು. ಕ್ಲಬ್ಬಿಗಾದರೂ ಬ್ರಿಟಿಷರು ಕಟ್ಟಿದ್ದು ಅನ್ನುವ ನೆಪ ಇದೆ. ಮಾಲು, ಮೆಟ್ರೊ ನಾವೇ ಕಟ್ಟಿದ್ದು ಕಣ್ರೀ. ನಮ್ಮ ದುಡ್ಡು.

ನಿಜ ಹೇಳಬೇಕೆಂದರೆ ಇದಕ್ಕೆ ನಕ್ಕೂ ನಕ್ಕೂ ಸಾಕಾಗಿದೆ. ಯಾವ ಚಪ್ಪಲಿ ಹಾಕಿಕೊಂಡಾದರೂ, ಹಾಕಿಕೊಳ್ಳದೆಯೂ ಹೋಗಬಹುದಾಗಿದ್ದ ಕಟ್ಟಡಗಳನ್ನು ನಾವು ಏನು ಮಾಡಿದೆವು? ಲಾಲ್‌ಬಾಗಿನ ಕೃಂಬಿಗಲ್ ಹಾಲ್ ನೆನಪಿದೆಯಾ? ಎದುರಿಗೆ ಆ ಕಂಬಗಳು? ಹೂವಿನ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಅದರ ಪಕ್ಕದಲ್ಲೇ ಓಡಾಡಿದರು. ವರ್ಷಗಟ್ಟಲೆ ಶಿಥಿಲವಾಗುತ್ತಾ ಬಂದು 2017ರಲ್ಲಿ ನೆಲ ಸೇರಿತು. ಈಗ ಹೈಕೋರ್ಟ್ ಇರುವ ಅಠಾರ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಿದ್ದರು, ಜನ ಕೋರ್ಟಿಗೆ ಹೋಗಿದ್ದಕ್ಕೆ ಉಳಿಯಿತು. ಎಲ್ಲರಿಗೂ ಸೇರಿದ್ದು ಬೀಳುತ್ತದೆ, ಗೇಟು ಇರುವುದಕ್ಕೆ ವರ್ಷ ವರ್ಷ ಬಣ್ಣ ಬಳಿಯುತ್ತಾರೆ. ಇದಕ್ಕೆ ಯಾವ ಜೋಕೂ ಹೊಳೆಯುತ್ತಿಲ್ಲ.

ಊಟ ಚೆನ್ನಾಗಿತ್ತು. ಬಿಲ್ ಬಂದಾಗ ಭಾವ ದುಡ್ಡು ತೆಗೆಯಲಿಲ್ಲ. ಚೀಟಿಗೆ ಸಹಿ ಹಾಕಿದರು, ಅಷ್ಟೇ.

“ದುಡ್ಡು ಕೊಡಲ್ವಾ ಭಾವ?”

“ತಿಂಗಳ ಕೊನೆಗೆ ಬರುತ್ತಪ್ಪಾ. ಕ್ಲಬ್ ಅಂದ್ರೆ ನಂಬಿಕೆ.”

ಚರ್ಚಿಲ್ಲನೂ ಹೀಗೇ ಸಹಿ ಹಾಕಿರಬೇಕು.

ಹೊರಗೆ ಬಂದು ಶೂ ಬಿಚ್ಚಿದೆ. ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಸೆಕ್ಯುರಿಟಿಯವರು ಮೇಜಿನ ಕೆಳಗಿನಿಂದ ನನ್ನ ಚಪ್ಪಲಿ ತೆಗೆದು, ಧೂಳು ಒರೆಸಿ ಮುಂದಿಟ್ಟರು. ಊರು ಯಾವುದು ಅಂದೆ. ಸಿರಾ ಹತ್ತಿರ ಅಂದರು.

“ಊರಿಗೆ ಹೋದ್ರೆ ನಾನೂ ಪಂಚೆನೇ ಸಾರ್,” ಅಂದರು ಮೆಲ್ಲಗೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಇನ್ನೊಬ್ಬರು ಹವಾಯಿ ಚಪ್ಪಲಿಯಲ್ಲಿ ಬಂದು ನಿಂತಿದ್ದರು. ಶೂ ಇನ್ನೂ ಬೆಚ್ಚಗಿತ್ತು.