ಸಾನ್ಸ್ ಸೆರಿಫ್‌ಗೆ ನಿಜವಾದ ಇಟಾಲಿಕ್ ಬೇಕೆ?

ಪರ: ವಾಲಿದ್ದೆಲ್ಲ ಇಟಾಲಿಕ್ ಅಲ್ಲ

ಸಾನ್ಸ್ ಸೆರಿಫ್, ಅಂದರೆ ಗೆರೆಗಳ ತುದಿಯಲ್ಲಿ ಸಣ್ಣ ಅಡ್ಡಗೆರೆ (ಸೆರಿಫ್) ಇಲ್ಲದ ಇಂಗ್ಲಿಷ್ ಲಿಪಿಯ ಫಾಂಟ್. ಅದರ ನೇರ ಅಕ್ಷರವನ್ನು 12 ಡಿಗ್ರಿ ವಾಲಿಸಿ (ಹೀಗೆ ಬರೀ ವಾಲಿಸಿದ್ದು ಓಬ್ಲಿಕ್) ಫೈಲಿಗೆ ‘ಇಟಾಲಿಕ್’ ಎಂದು ಹೆಸರಿಡುವ ಅಭ್ಯಾಸ ನಿಲ್ಲಬೇಕು. ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್‌ನ ಮುದ್ರಣಾಲಯಕ್ಕೆ ಫ್ರಾಂಚೆಸ್ಕೊ ಗ್ರಿಫೊ 1500ರ ಸುಮಾರಿಗೆ ಕೊರೆದ ಇಟಾಲಿಕ್, ಕೈಬರಹದ ಓಟ ಹಿಡಿದ ಬೇರೆಯದೇ ಅಕ್ಷರ. ವಾಲುವುದು ಅದರ ಒಂದು ಗುಣವಷ್ಟೆ.

ಸೆರಿಫ್ ಅಕ್ಷರದಲ್ಲಿ ಇಟಾಲಿಕ್ ಗುರುತಿಸಲು ಬೇಕಾದಷ್ಟು ಸುಳಿವುಗಳಿರುತ್ತವೆ. ಸಾನ್ಸ್‌ನಲ್ಲಿ ರೂಪ ಬದಲಿಸದಿದ್ದರೆ ಉಳಿಯುವುದು ಕೋನ ಒಂದೇ. 9 ಪಾಯಿಂಟ್ ಪಠ್ಯದ ನಡುವೆ ಪುಸ್ತಕದ ಹೆಸರು ಬಂದರೆ ಆ ಕೋನ ಕಣ್ಣಿಗೆ ಬೀಳುವುದೇ ಕಷ್ಟ; ಬೋಲ್ಡ್ ಮಾಡಿದರೆ ಇಡೀ ಪುಟದಲ್ಲಿ ಅದೇ ಎದ್ದು ಕಾಣುತ್ತದೆ. ಎರಡಂತಸ್ತಿನ ‘ಎ’ (a) ಒಂದಂತಸ್ತಿಗೆ (ɑ) ಇಳಿಯಲಿ, ‘ಎನ್’ನ ಕಮಾನು ಕಂಬದ ಇನ್ನಷ್ಟು ಕೆಳಗಿನಿಂದ ಕವಲೊಡೆಯಲಿ, ಅಗಲ ತುಸು ಕುಗ್ಗಲಿ: ಆಗ ಮಾತು ಬೇರೆಯಾಗಿ ಕೇಳಿಸುತ್ತದೆ, ಕೂಗುವುದಿಲ್ಲ. 1928ರ ಗಿಲ್ ಸಾನ್ಸ್ ಫಾಂಟ್‌ನ ಇಟಾಲಿಕ್ ‘ಪಿ’ ನೋಡಿ. ಹೊಟ್ಟೆಯ ಗೆರೆ ಕಂಬವನ್ನು ದಾಟಿ ಎಡಕ್ಕೆ ಸಣ್ಣ ಬಾಲವಾಗಿ ಹೊರಡುತ್ತದೆ. 1991ರ ಮೆಟಾ, 1993ರ ಸ್ಕಾಲಾ ಸಾನ್ಸ್ ಇದೇ ದಾರಿ ಹಿಡಿದವು.

ಓಬ್ಲಿಕ್‌ನವರ ಕೆಲಸ ಒಂದು ಗುಂಡಿ ಒತ್ತಿದರೆ ಮುಗಿಯಿತು. ಒತ್ತಿದ ಮೇಲೆ ‘ಓ’ ಏನಾಗುತ್ತದೆ? ಮೇಲಿನ ಬಲಮೂಲೆ, ಕೆಳಗಿನ ಎಡಮೂಲೆ ಊದಿಕೊಳ್ಳುತ್ತವೆ. ಉಳಿದೆರಡು ಮೂಲೆ ಸೊರಗುತ್ತವೆ. ‘ವಿ’ಯ ಎಡಗೆರೆ ದಪ್ಪ, ಬಲಗೆರೆ ತೆಳು. ಅಕ್ಷರದ ಹೊರಗೆರೆಯ ಎಡ-ಬಲದ ತುದಿ ಬಿಂದುಗಳು ಜಾಗ ತಪ್ಪುವುದರಿಂದ ಹೊಸದಾಗಿ ಇಡಬೇಕು. ಬೇಸ್‌ಲೈನ್ (ಅಕ್ಷರ ಕೂರುವ ಗೆರೆ) ಹಿಡಿದು ವಾಲಿಸಿದರೆ, 500 ಯೂನಿಟ್ ಎಕ್ಸ್-ಹೈಟ್‌ನ (‘ಎಕ್ಸ್’ನಂಥ ಸಣ್ಣಕ್ಷರದ ಎತ್ತರ) ಅಕ್ಷರದ ತಲೆ ಸುಮಾರು 106 ಯೂನಿಟ್ ಬಲಕ್ಕೆ ಸರಿದು, ಪಕ್ಕದ ಜಾಗವೆಲ್ಲ ಹದಗೆಡುತ್ತದೆ; ಅರ್ಧ ಎಕ್ಸ್-ಹೈಟ್‌ನಿಂದ ವಾಲಿಸಬೇಕು. ‘ಎಫ್’ ಮುಂದೆ ನೇರ ಕಂಸ ಬಂದರಂತೂ ಡಿಕ್ಕಿ ಖಚಿತ, ಕರ್ನಿಂಗ್ (ಜೋಡಿ ಅಕ್ಷರಗಳ ನಡುವಿನ ಜಾಗ ತಿದ್ದುವುದು) ಬೇಕೇ ಬೇಕು. ಇಷ್ಟೆಲ್ಲ ತಿದ್ದುವ ಹೊತ್ತಿಗೆ ಹೊಸದಾಗಿಯೇ ಬರೆಯಬಹುದು.

ವಿರೋಧ: ಓಬ್ಲಿಕ್ ಸಾಕು

ಹೆಲ್ವೆಟಿಕಾ, ಯೂನಿವರ್ಸ್ ಫಾಂಟ್‌ಗಳೆರಡೂ 1957ರವು, ಎರಡರದ್ದೂ ಓಬ್ಲಿಕ್; ಯೂನಿವರ್ಸ್‌ನದು ಮೊದಲಿಗೆ 16 ಡಿಗ್ರಿ, ಕಾಣದೆ ಹೋಗುವ ಮಾತೇ ಇಲ್ಲ. 1927ರ ಫ್ಯೂಚುರಾದ ‘ಎ’ ಮೊದಲಿಗೇ ಒಂದಂತಸ್ತಿನದು, ಇನ್ನೆಲ್ಲಿಗೆ ಇಳಿಸುವುದು? ಜ್ಯಾಮಿತಿಯ ಮೇಲೆ ನಿಂತ ಅಕ್ಷರಕ್ಕೆಲ್ಲ ಬಾಲ ಅಂಟಿಸುವ ಉತ್ಸಾಹ ಅನಗತ್ಯ. ಓಬ್ಲಿಕ್ ಇದ್ದ ಫ್ರುಟಿಗರ್ ಫಾಂಟ್‌ನ ಹೊಸ ರೂಪ, 2000ದ ಫ್ರುಟಿಗರ್ ನೆಕ್ಸ್ಟ್‌ಗೆ ನಿಜ ಇಟಾಲಿಕ್ ಬಂತು. 2009ರ ನೋಯ್ಯೆ ಫ್ರುಟಿಗರ್ ಮತ್ತೆ ಓಬ್ಲಿಕ್‌ಗೇ ಮರಳಿತು.

ಬಳಕೆಯಲ್ಲೂ ಅನುಕೂಲವಿದೆ. ನೇರ ಅಕ್ಷರದ ಅಗಲವನ್ನೇ ಓಬ್ಲಿಕ್‌ಗೂ ಉಳಿಸಿಕೊಳ್ಳಬಹುದು. ಆಗ ಕೋಷ್ಟಕ, ಮೆನು, ಫಾರಂಗಳಲ್ಲಿ ಶೈಲಿ ಬದಲಾದರೂ ಸಾಲು ಜಿಗಿಯುವುದಿಲ್ಲ. ವೇರಿಯಬಲ್ ಫಾಂಟ್‌ನಲ್ಲಿ (ಒಂದೇ ಫೈಲಿನಲ್ಲಿ ದಪ್ಪ, ಓರೆ ಇತ್ಯಾದಿ ಬದಲಿಸಬಲ್ಲ ಫಾಂಟ್) ಓರೆಯ ಅಕ್ಷವನ್ನು ಸೊನ್ನೆಯಿಂದ ಬೇಕಾದಷ್ಟಕ್ಕೆ ನಯವಾಗಿ ಎಳೆಯಬಹುದು. ಎರಡಂತಸ್ತಿನ ‘ಎ’ ಒಂದಂತಸ್ತಾಗಲು ನಡುವೆ ಎಲ್ಲೋ ಗ್ಲಿಫ್ (ಅಕ್ಷರದ ಚಿತ್ರ) ಫಟ್ಟನೆ ಬದಲಾಗಲೇಬೇಕು. ಉದ್ದನೆಯ ಓದಿಗೆ ಇಟಾಲಿಕ್ ಬೇಡವೆಂದಲ್ಲ. ಆದರೆ ವೆಬ್‌ನಲ್ಲಿ ಇಟಾಲಿಕ್ ಫೈಲ್ ಸಿಗದಿದ್ದರೆ ಬ್ರೌಸರ್ ತಾನೇ ನೇರ ಅಕ್ಷರವನ್ನು ವಾಲಿಸಿಬಿಡುತ್ತದೆ. ಓಬ್ಲಿಕ್ ಕುಟುಂಬದಲ್ಲಿ ಅದು ಅಷ್ಟಾಗಿ ತಿಳಿಯದು. ಇಟಾಲಿಕ್ ಕುಟುಂಬದಲ್ಲಾದರೆ ಒಂದು ಪುಟದ ‘ಎ’ಗೂ ಇನ್ನೊಂದರ ‘ಎ’ಗೂ ತಾಳೆಯೇ ಇರುವುದಿಲ್ಲ.