ನೂರು ಕೋಟಿಯ ನೊಣ, ಪೋಸ್ಟೇಜ್ ಬೇರೆ

ವ್ಯಾಪಾರವಿಲ್ಲದ ಅಂಗಡಿಯವರನ್ನು ನೋಡಿ ‘ನೊಣ ಹೊಡೀತಾ ಕೂತಿದ್ದಾರೆ’ ಅನ್ನುತ್ತೇವಲ್ಲ, 2011ರ ಏಪ್ರಿಲ್‌ನಲ್ಲಿ ಇಬ್ಬರು ಪುಸ್ತಕ ವ್ಯಾಪಾರಿಗಳು ನೊಣವನ್ನೇ ನೂರು ಕೋಟಿ ರೂಪಾಯಿಗೆ ಮಾರಾಟಕ್ಕಿಟ್ಟಿದ್ದರು. ಆ ವಿಷಯ ಅವರಿಬ್ಬರಿಗೂ ಗೊತ್ತಿದ್ದ ಹಾಗಿಲ್ಲ. ಅಂಗಡಿಯನ್ನು ಕಂಪ್ಯೂಟರಿಗೆ ಒಪ್ಪಿಸಿ ತಮ್ಮ ಪಾಡಿಗೆ ತಾವಿದ್ದರು.

ನೊಣ ಅಂದರೆ ನೊಣದ ಪುಸ್ತಕ. ಪೀಟರ್ ಲಾರೆನ್ಸ್ ಎಂಬ ವಿಜ್ಞಾನಿ 1992ರಲ್ಲಿ ಬರೆದ ‘ದಿ ಮೇಕಿಂಗ್ ಆಫ್ ಎ ಫ್ಲೈ’. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಚಿಕ್ಕ ನೊಣ ಇದೆಯಲ್ಲ, ಅದು ಮೊಟ್ಟೆಯೊಳಗೆ ಹೇಗೆ ರೂಪ ತಾಳುತ್ತದೆ ಅನ್ನೋದು ಅದರ ವಿಷಯ. ಪುಸ್ತಕ ಆಗ ಅಚ್ಚಿನಲ್ಲಿರಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಮೈಕೆಲ್ ಐಸೆನ್ ಅವರ ಪ್ರಯೋಗಾಲಯದವರೊಬ್ಬರು ಒಂದು ಪ್ರತಿ ಬೇಕು ಅಂತ ಅಮೆಜಾನ್‌ನಲ್ಲಿ ಹುಡುಕಿದರು. ಹಳೇ ಪ್ರತಿಗಳ ಬೆಲೆ 35 ಡಾಲರ್ ಚಿಲ್ಲರೆಯಿಂದ ಶುರು. ಹೊಸ ಪ್ರತಿ ಎರಡೇ ಎರಡು. ಅದರಲ್ಲಿ ಅಗ್ಗದ್ದು 17 ಲಕ್ಷ ಡಾಲರ್ ದಾಟಿತ್ತು. ಪೋಸ್ಟೇಜ್ ಬೇರೆ, 3.99 ಡಾಲರ್.

ನನ್ನ ತಲೆಯಲ್ಲಿ ಕೂತದ್ದು ಆ 3.99. ಹದಿನೇಳು ಲಕ್ಷ ಡಾಲರ್ ಎಣಿಸಿ ಕೊಡುವ ಪುಣ್ಯಾತ್ಮನಿಗೆ ಅಂಚೆ ಖರ್ಚಾದರೂ ಬಿಡಬಾರದಿತ್ತಾ?

ಐಸೆನ್ ಮೇಷ್ಟ್ರು ನೊಣದ ವಂಶವಾಹಿ ನೋಡುವುದನ್ನು ಬಿಟ್ಟು ದಿನಾ ಈ ಬೆಲೆ ನೋಡತೊಡಗಿದರು. ಗುಟ್ಟು ಬೇಗ ಸಿಕ್ಕಿತು. ಮೊದಲನೇ ವ್ಯಾಪಾರಿಯ ಪ್ರೋಗ್ರಾಮು ದಿನಕ್ಕೊಮ್ಮೆ ಎರಡನೆಯವನ ಬೆಲೆ ನೋಡಿ, ಅದನ್ನು 0.9983ರಿಂದ ಗುಣಿಸಿ, ಒಂಚೂರು ಕಡಿಮೆಗೆ ತನ್ನ ಬೆಲೆ ಹಾಕುತ್ತಿತ್ತು. ಎರಡನೆಯವನದು ಮೊದಲನೆಯವನ ಬೆಲೆಯನ್ನು 1.270589ರಿಂದ ಗುಣಿಸುತ್ತಿತ್ತು. ಅವನು ಇವನನ್ನು ನೋಡಿ, ಇವನು ಅವನನ್ನು ನೋಡಿ, ದಿನಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಏರಿಕೆ. ಪುಸ್ತಕವನ್ನು ಇಬ್ಬರೂ ನೋಡಲಿಲ್ಲ.

ಕಡಿಮೆಗೆ ಮಾರುವವನ ಲೆಕ್ಕ ಅರ್ಥವಾಗುತ್ತದೆ. ಬೇಕೆಂದೇ ಜಾಸ್ತಿ ಬೆಲೆ ಹಾಕುವವನದು ಏನು ಲೆಕ್ಕ? ಐಸೆನ್ ಅವರ ಊಹೆ ಚೆನ್ನಾಗಿದೆ: ಅವನ ಹತ್ತಿರ ಪುಸ್ತಕವೇ ಇರಲಿಲ್ಲ. ಯಾರಾದರೂ ಆರ್ಡರ್ ಮಾಡಿದರೆ ಮೊದಲನೆಯವನಿಂದ ಕೊಂಡು, ತನ್ನ ಲಾಭ ಸೇರಿಸಿ ಕಳಿಸೋದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇವನು ಪಕ್ಕದ ಮನೆಯ ಕೂಸನ್ನು ತೋರಿಸಿ ಕುಲಾವಿಗೆ ಬೆಲೆ ಕಟ್ಟಿದ್ದ.

ಏಪ್ರಿಲ್ 18ಕ್ಕೆ ಬೆಲೆ 2,36,98,655 ಡಾಲರ್ 93 ಸೆಂಟ್ ಮುಟ್ಟಿತು. ಆ 93 ಸೆಂಟನ್ನೂ ಬಿಟ್ಟಿಲ್ಲ, ಗಮನಿಸಿ. ಮಾರನೇ ದಿನ ಯಾರಿಗೋ ಎಚ್ಚರವಾಯಿತು. ಬೆಲೆ 106 ಡಾಲರ್ 23 ಸೆಂಟ್‌ಗೆ ಬಂತು. ಒಂದು ರಾತ್ರಿಗೆ ನೂರು ಕೋಟಿ ರೂಪಾಯಿ ಕರಗಿದರೂ ಯಾರೂ ಅಳಲಿಲ್ಲ. ಕಳೆದುಕೊಂಡವರೂ ಇಲ್ಲ, ಗಳಿಸಿದವರೂ ಇಲ್ಲ. ಯಂತ್ರದ ಎಡವಟ್ಟು ಅಂತ ಲೋಕ ನಕ್ಕು ಸುಮ್ಮನಾಯಿತು. ನನಗೇನೋ ಇದು ಎಡವಟ್ಟು ಅನ್ನಿಸಿಲ್ಲ. ಹಳೇ ಪುಸ್ತಕ ಆನ್‌ಲೈನ್‌ಗೆ ಬಂದಾಗಿನಿಂದ ಅದರ ಬೆಲೆ ಕಟ್ಟುವ ಸಭೆಗೆ ಎಲ್ಲರಿಗೂ ಆಹ್ವಾನ ಇದೆ, ಓದುವವರೊಬ್ಬರನ್ನು ಬಿಟ್ಟು.

ಅದೇ ಸೈಟಿನ ಇನ್ನೊಂದು ಮೂಲೆಯಲ್ಲಿ ಒಂದು ಸೆಂಟಿನ ಪುಸ್ತಕಗಳು ರಾಶಿ ಬಿದ್ದಿರುತ್ತಿದ್ದವು. ಪುಸ್ತಕಕ್ಕೆ ಒಂದು ಸೆಂಟ್, ಅಂಚೆಗೆ ಅದೇ 3.99 ಡಾಲರ್. ಅಮೆರಿಕದ ಅಂಚೆಯಲ್ಲಿ ಪುಸ್ತಕಕ್ಕೆ ಅಗ್ಗದ ದರ ಇದೆ. ಅದರಲ್ಲಿ ಕಳಿಸಿ, ಸೈಟಿನ ಪಾಲು ಕೊಟ್ಟು, ಉಳಿದ ಚಿಲ್ಲರೆಯೇ ಲಾಭ. ಅಂದರೆ ಅವರು ಮಾರುತ್ತಿದ್ದದ್ದು ಅಂಚೆ ಚೀಟಿ, ಅದರ ಜೊತೆ ಪುಸ್ತಕ ಉಚಿತ. ಹಳೇ ಪುಸ್ತಕದ ವ್ಯಾಪಾರಿಗಳಿಗೆ ಒಂದಷ್ಟು ಸರಕು ಬರುತ್ತಿದ್ದದ್ದು ಊರಿನ ಲೈಬ್ರರಿಗಳು ಹಳೇ ಪುಸ್ತಕ ಮಾರುವ ಮೇಳಗಳಿಂದ. ಬಾಗಿಲು ತೆಗೆಯುವ ಮುಂಚೆಯೇ ಕೈಯಲ್ಲಿ ಸ್ಕ್ಯಾನರ್ ಹಿಡಿದವರ ಸಾಲು. ಪುಸ್ತಕ ತಿರುಗಿಸು, ಬೆನ್ನಿನ ಬಾರ್‌ಕೋಡ್ ತೋರಿಸು, ‘ಟುಂಯ್’ ಅಂದರೆ ಲಾಭ ಇದೆ ಅಂತ, ಚೀಲಕ್ಕೆ ಹಾಕು, ಇಲ್ಲವಾದರೆ ಎಸೆ. ಹೆಸರೇನು, ಬರೆದವರು ಯಾರು, ಯಾರಿಗೆ ಬೇಕು? ಕೊನೆಗೆ ಕೆಲವು ಲೈಬ್ರರಿಗಳು ಸ್ಕ್ಯಾನರ್ ತರಬೇಡಿ ಅಂತ ನಿಯಮ ಮಾಡಿದವು. ಪಾಪ, ಲೈಬ್ರರಿಗೆ ಬಂದು ಗೆರೆ ಓದುವವರನ್ನೂ ಓಡಿಸುವ ಕಾಲ ಬಂತು.

ಹರಾಜಿನ ಕಥೆ ಇದಕ್ಕಿಂತ ಹಳೆಯದು. 1995ರಲ್ಲಿ ಪಿಯರ್ ಒಮಿಡಿಯಾರ್ ಎಂಬ ಪ್ರೋಗ್ರಾಮರ್ ಒಂದು ಹರಾಜು ಸೈಟು ತೆರೆದರು. ಅದೇ ಮುಂದೆ ಇಬೇ ಆಯಿತು. ಅದರಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟ್‌ಗೆ. ಕೆಟ್ಟಿದೆ ಅಂತ ಗೊತ್ತು ತಾನೇ ಎಂದು ಒಮಿಡಿಯಾರ್ ಕೇಳಿದರೆ, ಕೆಟ್ಟವನ್ನೇ ಕೂಡಿಡುತ್ತೇನೆ ಅಂದನಂತೆ ಆ ಗಿರಾಕಿ. ಕೆಟ್ಟದ್ದಕ್ಕೂ ಗಿರಾಕಿ ಇದ್ದಾನೆ ಅಂತ ಗೊತ್ತಾದ ಮೇಲೆ ಹಳೇ ಪುಸ್ತಕವನ್ನು ಬಿಡುತ್ತಾರಾ? ಅಲ್ಲಿ ಏಳು ದಿನದ ಹರಾಜಿದ್ದರೆ ಕೊನೇ ನಿಮಿಷದವರೆಗೂ ಎಲ್ಲರಿಗೂ ಸುಖನಿದ್ದೆ. ಕೊನೆಯ ಐದಾರು ಸೆಕೆಂಡಿನಲ್ಲಿ ಬಿಡ್ ಹಾಕೋದಕ್ಕೆ ಅಂತಲೇ ಸಾಫ್ಟ್‌ವೇರ್ ಇದೆ.

ನಮ್ಮ ದೇಶದಲ್ಲಿ 2000ದಲ್ಲಿ ಬಾಝೀ ಅಂತ ಒಂದು ಸೈಟು ಬಂತು. 2004ರಲ್ಲಿ ಇಬೇ ಅದನ್ನು ಕೊಂಡಿತು, 2018ರ ಆಗಸ್ಟ್‌ನಲ್ಲಿ ಇಬೇ ಇಂಡಿಯಾ ಬಾಗಿಲು ಹಾಕಿತು. ಹರಾಜು ನಿಲ್ಲಲಿಲ್ಲ. ಶುಭೋದಯ, ಮನೆಮದ್ದು, ಮದುವೆ ಕರೆಯೋಲೆಗಳ ಜೊತೆಗೆ ಅದೂ ವಾಟ್ಸ್‌ಆ್ಯಪ್‌ಗೆ ಬಂತು.

ಕನ್ನಡ ಪುಸ್ತಕಕ್ಕೆ ಒಂದು ಲೆಕ್ಕದಲ್ಲಿ ಅದೇ ಸರಿ. ದೊಡ್ಡ ಸೈಟುಗಳಲ್ಲಿ ಮೊದಲು ಕೇಳೋದು ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರು. ಆ ನಂಬರಿನ ಪದ್ಧತಿ ಜಗತ್ತಿಗೇ ಬಂದದ್ದು 1970ರಲ್ಲಿ. ಅದಕ್ಕೂ ಮುಂಚಿನ ಕನ್ನಡ ಪುಸ್ತಕ ಮಾರೋದಕ್ಕೆ ಹೋದರೆ, ಜನನ ಪ್ರಮಾಣಪತ್ರ ತನ್ನಿ ಅಂತ ತೊಂಬತ್ತು ವರ್ಷದ ಅಜ್ಜಿಯನ್ನು ತಾಲ್ಲೂಕು ಕಚೇರಿಯಿಂದ ವಾಪಸ್ ಕಳಿಸಿದ ಹಾಗೆ ಕಳಿಸುತ್ತವೆ. ವಾಟ್ಸ್‌ಆ್ಯಪ್ ಏನನ್ನೂ ಕೇಳುವುದಿಲ್ಲ. ಒಂದು ಫೋಟೋ ಸಾಕು. ಫೋಟೋದಲ್ಲಿ ಮುಕ್ಕಾಲು ಭಾಗ ಹೂವಿನ ಬೆಡ್‌ಶೀಟು, ಒಂದು ಹೆಬ್ಬೆರಳು, ಉಳಿದ ಜಾಗದಲ್ಲಿ ಪುಸ್ತಕ. ಕೆಳಗೆ ‘ಮೊದಲ ಮುದ್ರಣ, ಅತಿ ಅಪರೂಪ’ ಅಂತ ಒಕ್ಕಣೆ.

ಮೊದಲ ಮುದ್ರಣ! ನಮ್ಮಲ್ಲಿ ಸಾವಿರ ಪ್ರತಿ ಅಚ್ಚಾದರೆ ಒಂದಷ್ಟು ಲೈಬ್ರರಿಗೆ, ಒಂದಷ್ಟು ಲೇಖಕರ ಮನೆಯ ಅಟ್ಟಕ್ಕೆ. ಎರಡನೇ ಮುದ್ರಣ ಕಾಣೋದಕ್ಕೆ ಪುಸ್ತಕ ಪುಣ್ಯ ಮಾಡಿರಬೇಕು. ಹಾಗೆ ನೋಡಿದರೆ ಸಂಗ್ರಹಕಾರರು ಬಿದ್ದು ಹುಡುಕಬೇಕಾದದ್ದು ಎರಡನೇ ಮುದ್ರಣವನ್ನು. ಲೇಖಕರ ಸಹಿಯದೂ ಇದೇ ಗತಿ. ಬಿಡುಗಡೆಯ ದಿನ ವೇದಿಕೆ ಮೇಲಿದ್ದವರಿಗೆ, ಕೆಳಗಿದ್ದವರಿಗೆ, ಉಪ್ಪಿಟ್ಟು ಬಡಿಸಿದವರಿಗೆ ಎಲ್ಲರಿಗೂ ಸಹಿ ಹಾಕಿ ಕೊಟ್ಟಿರುತ್ತಾರೆ. ಸಹಿ ಇಲ್ಲದ ಪ್ರತಿ ಸಿಕ್ಕರೆ ಅದನ್ನು ಯಾರೋ ದುಡ್ಡು ಕೊಟ್ಟು ಕೊಂಡಿದ್ದಾರೆ ಅಂತ ಅರ್ಥ. ಅಪರೂಪ ಅಂದರೆ ಅದು.

ಸಹಿ ಇರುವ ಒಂದು ಪ್ರತಿಯನ್ನು ಹತ್ತಿರದಿಂದ ನೋಡಿದೆ. ಮೊದಲ ಪುಟದಲ್ಲಿ ‘ಆತ್ಮೀಯ ಗೆಳೆಯರಾದ’ ಅಂತಿದೆ. ಆಮೇಲೆ ಹೆಸರಿದ್ದ ಜಾಗದಲ್ಲಿ ಬಾಲ್‌ಪೆನ್ನಿನಿಂದ ಗೀಚಿ ಗೀಚಿ ಕಪ್ಪು ಮಾಡಿದ್ದಾರೆ. ಎಷ್ಟು ಒತ್ತಿ ಗೀಚಿದ್ದಾರೆ ಅಂದರೆ ಐದನೇ ಪುಟದವರೆಗೂ ಗೆರೆ ಮೂಡಿದೆ. ಆಮೇಲೆ ‘ಅವರಿಗೆ, ಓದಿ ಅಭಿಪ್ರಾಯ ತಿಳಿಸಿ’. ಹದಿನೇಳನೇ ಪುಟದಿಂದ ಮುಂದೆ ಮೇಲಂಚು ಇನ್ನೂ ಕತ್ತರಿಸದೆ ಅಂಟಿಕೊಂಡೇ ಇದೆ. ಮಾರುವವರು ಬರೆದಿದ್ದರು: ‘ಲೇಖಕರ ಹಸ್ತಾಕ್ಷರ ಇದೆ. ಕೈ ಮುಟ್ಟದಷ್ಟು ಹೊಸದಾಗಿದೆ.’ ಎರಡೂ ನಿಜ. ಗೆಳೆಯರು ತಮ್ಮ ಅಭಿಪ್ರಾಯವನ್ನೂ ತಿಳಿಸಿದ ಹಾಗಾಯಿತು.

ಇನ್ನು ಹರಾಜಿನ ರಾತ್ರಿ. ಒಂಬತ್ತಕ್ಕೆ ಶುರು, ಹತ್ತಕ್ಕೆ ಮುಕ್ತಾಯ. ಸರಕು: ವಿಶ್ವವಿದ್ಯಾಲಯವೊಂದರ ಪ್ರಸಾರಾಂಗ ಹಿಂದೆಂದೋ ತಂದ ಗಾದೆಗಳ ಸಂಗ್ರಹ. ಆರಂಭದ ಬೆಲೆ 100.

‘120’ ಅಂದರು ತುಮಕೂರಿನ ನಿವೃತ್ತ ಮೇಷ್ಟ್ರು. ‘150’ ಅಂತ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗ. ‘ಸರ್, ಎಷ್ಟು ಪುಟ ಇದೆ?’ ಅಂತ ಒಬ್ಬರು ಕೇಳಿದರು. ಹರಾಜಿನ ಮಧ್ಯೆ ಪುಸ್ತಕದ ವಿಷಯ ಎತ್ತಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ‘300.’ ಅಷ್ಟರಲ್ಲಿ ಗುಲಾಬಿ ಹೂವಿನ ಮೇಲೆ ಇಬ್ಬನಿ ಬಿದ್ದಿರುವ ಶುಭರಾತ್ರಿ ಚಿತ್ರ ಬಂತು. ‘500’ ಅಂತ ಡಲ್ಲಾಸ್ ಕನ್ನಡಿಗರು; ಅಲ್ಲಿ ಆಗ ಬೆಳಗಿನ ಕಾಫಿ ಹೊತ್ತು. ‘520’ ಅಂದವರು ಮಾರುವವರ ಭಾಮೈದ. ಅವರು ಪ್ರತಿ ಹರಾಜಿನಲ್ಲೂ ಬಿಡ್ ಹಾಕುತ್ತಾರೆ, ಇದುವರೆಗೆ ಒಂದು ಪುಸ್ತಕವನ್ನೂ ಕೊಂಡಿಲ್ಲ. ‘ಇದರ ಪಿಡಿಎಫ್ ಇದ್ದರೆ ಯಾರಾದರೂ ಹಾಕಿ ಪ್ಲೀಸ್’ ಅಂತ ಒಬ್ಬರು ಕೈ ಮುಗಿದರು. ಅವರಿಗೆ ನಾಲ್ಕು ಜನ ‘ನನಗೂ’ ಅಂತ ಸೇರಿಕೊಂಡರು. ‘800.’ ‘900.’

ಹತ್ತು ಗಂಟೆಗೆ ಇನ್ನೇನು ಎರಡು ಸೆಕೆಂಡು ಇದೆ ಅನ್ನುವಾಗ, ‘120’ ಅಂದ ಮೇಲೆ ಉಸಿರೆತ್ತದಿದ್ದ ತುಮಕೂರಿನ ಮೇಷ್ಟ್ರು ‘1,400’ ಅಂದುಬಿಟ್ಟರು. ಇಬೇಯಲ್ಲಿ ಇದಕ್ಕೆ ಸಾಫ್ಟ್‌ವೇರ್ ಬೇಕು, ಮೇಷ್ಟ್ರಿಗೆ ಹೆಬ್ಬೆರಳು ಸಾಕಾಯಿತು. ಡಲ್ಲಾಸ್‌ನವರು ‘ನೆಟ್ ಸ್ಲೋ ಇತ್ತು, ನನ್ನದು 1,500 ಅಂತ ತಗೊಳ್ಳಿ’ ಅಂದರು. ಯಾರ ಫೋನಿನ ಗಡಿಯಾರ ಸರಿ ಅನ್ನೋದರ ಮೇಲೆ ಹತ್ತೂವರೆವರೆಗೆ ವಾದ ನಡೆಯಿತು. ಕೊನೆಗೆ ಅಡ್ಮಿನ್ ತೀರ್ಪು ಕೊಟ್ಟರು: ಮೇಷ್ಟ್ರದೇ ಪುಸ್ತಕ.

‘ಪೋಸ್ಟೇಜ್ ಸೇರಿ ತಾನೇ ಸರ್?’ ಅಂತ ಕೇಳಿದರು ಮೇಷ್ಟ್ರು.

‘ಇಲ್ಲ ಮೇಷ್ಟ್ರೇ, ಬೇರೆ. ಎಂಬತ್ತು ಆಗುತ್ತೆ.’

‘ಎಂಬತ್ತಾ? ಜಾಸ್ತಿ ಆಯ್ತಲ್ವಾ?’

ಸಾವಿರದ ನಾನೂರಕ್ಕೆ ಕಣ್ಣು ಮಿಟುಕಿಸದವರು ಎಂಬತ್ತಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿದರು. ಅವರ ಕಡೆಯೂ ನ್ಯಾಯ ಇತ್ತು. ಎಂಬತ್ತು ರೂಪಾಯಿ ಆಸುಪಾಸಿನಲ್ಲಿ ಐದು ಕೆ.ಜಿ. ಪುಸ್ತಕ ದೇಶದ ಯಾವ ಮೂಲೆಗಾದರೂ ಹೋಗುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅನ್ನು ಅವರು ಕಂಡಿದ್ದರು. ಅದನ್ನು ಅಂಚೆ ಇಲಾಖೆ 2024ರ ಡಿಸೆಂಬರ್ 18ರಂದು ಸದ್ದಿಲ್ಲದೆ ನಿಲ್ಲಿಸಿತು. ಪ್ರಕಾಶಕರು ಬೊಬ್ಬೆ ಹಾಕಿದರು. ಮುಂದಿನ ಮೇ 1ಕ್ಕೆ ‘ಜ್ಞಾನ ಪೋಸ್ಟ್’ ಅಂತ ಹೊಸ ಸೇವೆ ಬಂತು: 300 ಗ್ರಾಂವರೆಗೆ 20 ರೂಪಾಯಿ, ಐದು ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ಹಳೆಯದನ್ನು ಕಿತ್ತುಕೊಂಡು, ನಾಲ್ಕು ತಿಂಗಳು ಅಳಿಸಿ, ಅದಕ್ಕೇ ಹೊಸ ಹೆಸರಿಟ್ಟು ಸ್ವಲ್ಪ ಜಾಸ್ತಿಗೆ ಕೊಡೋದು. ಸೆಕೆಂಡ್ ಹ್ಯಾಂಡ್ ವ್ಯಾಪಾರ ಅಂಚೆಯವರಿಗೂ ಬರುತ್ತದೆ.

ಕೊನೆಗೆ ಅರವತ್ತಕ್ಕೆ ಮಾತಾಯಿತು. ಮೇಷ್ಟ್ರು ದುಡ್ಡು ಕಳಿಸಿ ಸ್ಕ್ರೀನ್‌ಶಾಟ್ ಹಾಕಿದರು. ಭಾಮೈದ ಹೂಗುಚ್ಛದ ಚಿತ್ರ ಹಾಕಿ ಅಭಿನಂದಿಸಿದರು. ಆಗ, ಸಂಜೆಯೆಲ್ಲ ಸುಮ್ಮನಿದ್ದ ಧಾರವಾಡದ ಸಂಶೋಧಕರೊಬ್ಬರು ಮೆಲ್ಲಗೆ ಬರೆದರು: ‘ಸರ್, ಇದು ಅಪರೂಪ ಏನಲ್ರೀ. ಪ್ರಸಾರಾಂಗದ ಗೋಡೌನಿನೊಳಗ ಇನ್ನೂ ಕಟ್ಟು ಕಟ್ಟು ಅದಾವ. ಹಳೇ ಬೆಲೆನೇ, ಮೂವತ್ತೈದು ರೂಪಾಯಿ. ನವೆಂಬರ್‌ದಾಗ ಹೋದ್ರ ರಾಜ್ಯೋತ್ಸವದ ರಿಯಾಯಿತಿ, ಅರ್ಧ ಬೆಲೆಗೆ ಕೊಡ್ತಾರ.’

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅಡ್ಮಿನ್ ಎದ್ದರು. ‘ಗುಂಪಿನಲ್ಲಿ ಪುಸ್ತಕಕ್ಕೆ ಸಂಬಂಧಿಸಿದ ವಿಷಯ ಮಾತ್ರ ಹಾಕಬೇಕು ಅಂತ ಎಷ್ಟು ಸಲ ಹೇಳೋದು?’ ಅಂತ ಬರೆದು ಸಂಶೋಧಕರನ್ನು ಗುಂಪಿನಿಂದ ತೆಗೆದುಹಾಕಿದರು.

ಐದು ನಿಮಿಷಕ್ಕೆ ಸಂಶೋಧಕರ ಫೋನ್ ಹೊಡೆದುಕೊಂಡಿತು. ಅಡ್ಮಿನ್.

‘ಸರ್, ತಪ್ಪು ತಿಳ್ಕೋಬೇಡಿ. ಅಲ್ಲಿ ಒಟ್ಟು ಎಷ್ಟು ಕಾಪಿ ಇರಬಹುದು?’