ಸೈಕಿಕ್ ಅಂದ್ರೆ ಮೊದಲು ಉಸಿರು

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನಿಗೆ 3 ತಿಂಗಳು ಸರಿಯಾಗಿ ನಿದ್ದೆಯೇ ಇರಲಿಲ್ಲ. ಯಾರದೋ ಮಾತು ಕೇಳಿ ಆನ್‌ಲೈನ್‌ನಲ್ಲಿ ಒಬ್ಬ 'ಸೈಕಿಕ್' ಜೊತೆ ಮಾತಾಡಿದರು. ಸತ್ತವರ ಮಾತು ಅವನಿಗೆ ಕೇಳಿಸುತ್ತದಂತೆ. ಅರ್ಧ ಗಂಟೆಗೆ 5,000 ರೂಪಾಯಿ. "ಅವರಿಗೆ ನಿಮ್ಮ ಮೇಲೆ ಒಂದು ಬೇಸರ ಉಳಿದಿದೆ" ಅಂದನಂತೆ. ಅದನ್ನು ಕಳೆಯೋಕೆ ಮತ್ತೆ ದುಡ್ಡು. ಆ ರಾತ್ರಿ ಚಿಕ್ಕಮ್ಮ ಫೋನ್ ಮಾಡಿ, "ನಾನೇನು ಕಮ್ಮಿ ಮಾಡಿದ್ದೆ ಹೇಳೋ ಅವರಿಗೆ" ಅಂತ ಅತ್ತುಬಿಟ್ಟರು.

ನನಗೆ ಆ ಪದದ ಮೇಲೇ ಸಿಟ್ಟು ಬಂತು. ಅದರ ಬೇರು ಹುಡುಕಿದರೆ, ಪಾಪ, ಪದದ ತಪ್ಪೇನೂ ಇಲ್ಲ.

ಗ್ರೀಕರ 'ಪ್ಸೂಖೇ' ಅಂದರೆ ಮೊದಲು ಉಸಿರು. ಊದು ಅನ್ನುವ ಅರ್ಥದ ಕ್ರಿಯಾಪದಕ್ಕೆ ಇದು ನೆಂಟ. ಹೋಮರನ ಕಾವ್ಯದಲ್ಲಿ ಸತ್ತವರ ಮೈ ಬಿಟ್ಟು ಹೋಗೋದು ಇದೇ. ಆಮೇಲೆ ಜೀವ, ಮನಸ್ಸು ಅನ್ನೋ ಅರ್ಥಗಳೂ ಸೇರಿಕೊಂಡವು. ಚಿಟ್ಟೆಗೂ ಅದೇ ಹೆಸರು. ನಮ್ಮ 'ಪ್ರಾಣ'ದ ಒಳಗೂ ಉಸಿರಾಡು ಅನ್ನೋ ಧಾತುವೇ ಇದೆ ಅಲ್ವಾ? ಇನ್ನೊಂದು ವಿಷಯ ಗೊತ್ತಾಗಿ ಸುಮ್ನೆ ಕೂತುಬಿಟ್ಟೆ. ಬೈಬಲ್ಲಿನಲ್ಲಿ ಧರ್ಮಪ್ರಚಾರಕ ಪೌಲ 'ಪ್ಸೂಖಿಕೋಸ್' (ಸೈಕಿಕ್ ಪದದ ಗ್ರೀಕ್ ರೂಪ) ಅಂತ ಕರೆದದ್ದು ದೇವರ ಆತ್ಮದ ಸಂಗತಿಗಳನ್ನು ಒಪ್ಪಿಕೊಳ್ಳದ ಸಾಮಾನ್ಯ ಮನುಷ್ಯನನ್ನು. ಅಂದರೆ ಇವತ್ತಿನ ಅರ್ಥಕ್ಕೆ ಪೂರ್ತಿ ಉಲ್ಟಾ!

ಈಗಿನ ವೇಷ ತೊಡಿಸಿದ್ದು ಲಂಡನ್. ಥ್ಯಾಲಿಯಂ ಅನ್ನುವ ಲೋಹ ಕಂಡುಹಿಡಿದ ವಿಜ್ಞಾನಿ ವಿಲಿಯಂ ಕ್ರೂಕ್ಸ್, ಡೇನಿಯಲ್ ಹೋಮ್ ಅನ್ನುವ 'ಮೀಡಿಯಂ' ಒಬ್ಬನನ್ನು, ಅಂದರೆ ಸತ್ತವರ ಜೊತೆ ಮಾತಾಡ್ತೀನಿ ಅನ್ನುವವನನ್ನು, ಪರೀಕ್ಷೆ ಮಾಡಿದರು. ಊಟದ ಮೇಜಿನ ಕೆಳಗೆ ತಾಮ್ರದ ತಂತಿ ಸುತ್ತಿದ ಪಂಜರ, ಅದರೊಳಗೆ ಅಕಾರ್ಡಿಯನ್ ವಾದ್ಯ. ಹೋಮ್ ಅದರ ಒಂದು ತುದಿಯನ್ನಷ್ಟೇ ಒಂದು ಕೈಯಲ್ಲಿ ಹಿಡಿದಿದ್ದ, ಆದರೂ ಅದು ನುಡಿಯಿತು ಅಂತ ಕ್ರೂಕ್ಸ್ 1871ರಲ್ಲಿ ಬರೆದರು. ಅದಕ್ಕೆ 'ಸೈಕಿಕ್ ಫೋರ್ಸ್' ಅಂತ ಹೆಸರಿಟ್ಟರು. ಅಷ್ಟು ದೊಡ್ಡ ವಿಜ್ಞಾನಿಯೇ ಹೇಳಿದ ಮೇಲೆ ಜನ ಬಿಡ್ತಾರಾ?

ನನಗೆ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. "ಸೈಕಿಯಾಟ್ರಿಸ್ಟ್ ಹತ್ರ ಹೋಗೋಣ ಚಿಕ್ಕಮ್ಮ" ಅಂದಾಗ, "ನನಗೇನು ಹುಚ್ಚಾ?" ಅಂದರು. ಸೈಕಿಕ್ ಹತ್ತಿರ ಹೋಗೋಕೆ ಇಲ್ಲದ ನಾಚಿಕೆ ಇಲ್ಲಿ ಬಂತು. ಎರಡಕ್ಕೂ ಬೇರು ಒಂದೇ. ಸೈಕಿಯಾಟ್ರಿ ಅಂದರೆ ಆ ಉಸಿರಿಗೆ, ಆ ಜೀವಕ್ಕೆ ಮಾಡುವ ಚಿಕಿತ್ಸೆ. ಇದನ್ನೇ ಅವರ ಪಕ್ಕ ಕೂತು ಹೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡರು.

ಮುಂದಿನ ವಾರ ಹೋದೆವು. ಡಾಕ್ಟರಮ್ಮ ಮೊದಲು ಕೇಳಿದ್ದು, "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ ಅಮ್ಮ?" ಆಮೇಲೆ ಚಿಕ್ಕಪ್ಪನ ಬಗ್ಗೆ ಚಿಕ್ಕಮ್ಮ ತಾವಾಗೇ ಹೇಳುತ್ತಾ ಹೋದರು. 20 ನಿಮಿಷ. ಯಾರೂ ನಡುವೆ ಬಾಯಿ ಹಾಕಲಿಲ್ಲ.